ಇಸ್ತಾಂಬುಲ್‌ನ ಸುಲೇಮಾನಿಯೆ ಮಸೀದಿ ಹಿಂದಿನ ಖಬರಸ್ತಾನ: ಗೋರಿಕಲ್ಲಿನ ಮೇಲೆ ಪೇಟ, ಟೋಪಿ ಎಲ್ಲ ಯಾಕೆ?

ಮೈಸೂರ್_ಅಲೆಮಾರಿ

ಎಲ್ರಿಗೂ ನಮಸ್ಕಾರ. ಈಚೆಗೆ ಇಸ್ತಾಂಬುಲ್ ಮೇಲೆ ಹಾದು ಬರೋವಾಗ ಎರಡು ಫ್ಲೈಟ್ ಮಧ್ಯ ಬೇಕಾದಷ್ಟು ಟೈಮ್ ಇತ್ತು, ಏರ್‌ಪೋರ್ಟಲ್ಲಿ ಕೂತು ಕಾಫಿಗೆ ದುಡ್ಡು ಸುರಿಯೋ ಬದಲು ಊರೊಳಗೆ ಹೋಗಿ ಸುಲೇಮಾನಿಯೆ ಮಸೀದಿ ನೋಡ್ಕೊಂಡು ಬಂದೆ. ಮಸೀದಿ ಬಗ್ಗೆ ನೆಟ್ಟಲ್ಲಿ ರಾಶಿ ರಾಶಿ ಇದೆ, 1550ರಲ್ಲಿ ಶುರು ಮಾಡಿ 1557ಕ್ಕೆ ಮುಗಿಸಿದ್ರು, ಗುಮ್ಮಟ ಸುಮಾರು 53 ಮೀಟರ್ ಎತ್ತರ, ಕಟ್ಟಿಸಿದ್ದು ಸುಲ್ತಾನ್ ಸುಲೇಮಾನ್, ಕಟ್ಟಿದ್ದು ಸಿನಾನ್, ಅದೆಲ್ಲ ಆಯ್ತು. ನನ್ನ ಪ್ರಶ್ನೆ ಅದರ ಹಿಂದೆ ಗೋಡೆಗೆ ಹತ್ಕೊಂಡಂಗೆ ಇರೋ ಖಬರಸ್ತಾನದ್ದು.

ಒಂದು, ಅಲ್ಲಿ ಗೋರಿಗಳ ತಲೆ ಕಡೆ ಎತ್ತರಕ್ಕೆ, ಸಪೂರಕ್ಕೆ ನಿಲ್ಲಿಸಿರೋ ಕಲ್ಲುಗಳಿವೆ, ತುದೀಲಿ ಥೇಟ್ ಪೇಟ ಕೆತ್ತಿದಾರೆ, ಸುತ್ತಿರೋ ಮಡಿಕೆ ಸಮೇತ. ಇನ್ನು ಕೆಲವಕ್ಕೆ ಕುಚ್ಚು ಇರೋ ಟೋಪಿ. ಕೆಲವಕ್ಕೆ ಟೋಪಿನೂ ಇಲ್ಲ ಪೇಟನೂ ಇಲ್ಲ, ಬರೀ ಹೂಬಳ್ಳಿ. ಇದಕ್ಕೇನಾದ್ರೂ ಲೆಕ್ಕ ಇದ್ಯಾ ಅಥವಾ ಅವರವರ ಇಷ್ಟಾನಾ? ಪಕ್ಕದಲ್ಲಿ ನಿಂತಿದ್ದ ಟರ್ಕಿ ಹುಡುಗನ್ನ ಕಲ್ಲಲ್ಲಿ ಏನು ಬರೆದಿದೆ ಅಂತ ಕೇಳಿದ್ರೆ ಅವನಿಗೂ ಓದೋಕೆ ಬರಲ್ವಂತೆ, ಅವನ ಭಾಷೆನೇ ಅದು!

ಎರಡು, ಊರಿನ ನಟ್ಟ ನಡುವೆ ಇಷ್ಟೊಂದು ಗೋರಿ ಇಟ್ಕೊಂಡು ಜನ ಆರಾಮಾಗಿ ಓಡಾಡ್ತಾರೆ, ಕಟ್ಟೆ ಮೇಲೆ ಕೂತು ತಿಂಡಿ ತಿಂತಾರೆ, ಕಾಲೇಜ್ ಹುಡುಗರು ಅಲ್ಲೇ ಹರಟೆ ಹೊಡೀತಿದ್ರು. ನಮ್ಮನೇಲಿ ಸ್ಮಶಾನದ ಕಡೆ ಹೋಗಿ ಬಂದ್ರೆ ತಲೆಗೆ ನೀರು ಹಾಕ್ಕೊಳ್ದೆ ಹೊಸ್ತಿಲು ದಾಟೋ ಹಂಗಿಲ್ಲ, ಅದಕ್ಕೇ ಸ್ವಲ್ಪ ವಿಚಿತ್ರ ಅನ್ನಿಸ್ತು.

ಮೂರು, ಒಳಗೆ ನಮಾಜ್ ಮಾಡೋರು ಯಾವ ಗೋಡೆ ಕಡೆ ಮುಖ ಮಾಡ್ತಾರೋ ಅದೇ ಗೋಡೆ ಆಚೆಗೆ ಗೋರಿಗಳಿವೆ. ಗೋರಿ ಕಡೆ ತಿರುಗಿ ನಮಾಜ್ ಮಾಡಬಾರದು ಅಂತ ಎಲ್ಲೋ ಕೇಳಿದ್ದೆ. ಗೊತ್ತಿರೋರು ಹೇಳಿ. ಜಗಳ ಹಚ್ಚೋಕೆ ಕೇಳ್ತಿಲ್ಲ, ನಿಜವಾಗ್ಲೂ ತಿಳ್ಕೊಳೋಕೆ.

ಶಾಸನದ_ಹುಳ

ಒಳ್ಳೆ ಪ್ರಶ್ನೆ ಸಾರ್. ಈ ಕಲ್ಲುಗಳ ಹುಚ್ಚು ನನಗೆ ಹಳೇದು, ಸ್ವಲ್ಪ ಉದ್ದ ಆಗುತ್ತೆ ಸಹಿಸ್ಕೊಳ್ಳಿ.

ಲೆಕ್ಕ ಖಂಡಿತ ಇದೆ. ಒಟ್ಟೊಮನ್ ಕಾಲದಲ್ಲಿ ಗಂಡಸಿನ ತಲೆ ಮೇಲೆ ಏನಿದೆ ಅನ್ನೋದೇ ಅವನ ವಿಸಿಟಿಂಗ್ ಕಾರ್ಡು. ವಜೀರನಿಗೆ ಒಂದು ನಮೂನೆ, ಖಾಜಿ, ಮದ್ರಸಾ ಗುರುಗಳಿಗೆ ಇನ್ನೊಂದು, ಸೈನಿಕರಿಗೆ ಬೇರೆ, ತಿರುಗಿ ತಿರುಗಿ ಕುಣಿಯೋ ಮೆವ್ಲೆವಿ ಸೂಫಿಗಳಿಗೆ ಉದ್ದನೆ ಉಣ್ಣೆ ಟೋಪಿ. ಬದುಕಿದ್ದಾಗ ತಲೆ ಮೇಲೆ ಏನಿತ್ತೋ ಅದನ್ನೇ ಕಲ್ಲಲ್ಲಿ ಕೆತ್ತಿಸಿ ತಲೆ ಕಡೆಯ ಕಲ್ಲಿಗೆ ಕೂರಿಸೋರು. ಅಕ್ಷರ ಬರದೆ ಇದ್ದೋರಿಗೂ ದೂರದಿಂದಲೇ ಇವನು ಯಾವ ದರ್ಜೆ ಅಂತ ತಿಳೀತಿತ್ತು. ಕಾಲಿನ ಕಡೆ ಒಂದು ಗಿಡ್ಡ ಕಲ್ಲು ಇರುತ್ತೆ ನೋಡಿ, ಅದರ ಮೇಲೆ ಸಾಮಾನ್ಯವಾಗಿ ಮರ, ಬಳ್ಳಿ, ಹೂವು ಇಷ್ಟೇ.

ಕುಚ್ಚಿನ ಟೋಪಿ ಅಂದ್ರಲ್ಲ ಅದು ಫೆಜ್. ಅದನ್ನ ನೋಡಿದ ತಕ್ಷಣ ಕಲ್ಲು ಯಾವ ಕಾಲದ್ದು ಅಂತ ಅಂದಾಜು ಸಿಗುತ್ತೆ. ಎರಡನೇ ಮಹ್ಮೂದ್ ಅನ್ನೋ ಸುಲ್ತಾನ 1826ರಲ್ಲಿ ಜಾನಿಸರಿ ಸೈನ್ಯವನ್ನ ಬುಡಸಮೇತ ಕಿತ್ತು ಹಾಕ್ದ, ಆಮೇಲೆ 1829ರಲ್ಲಿ ಸರ್ಕಾರಿ ನೌಕರರೆಲ್ಲ ಪೇಟ ಬಿಟ್ಟು ಫೆಜ್ ಹಾಕ್ಬೇಕು ಅಂತ ಆಜ್ಞೆ ಮಾಡ್ದ. ಧರ್ಮಗುರುಗಳಿಗೆ ಮಾತ್ರ ಪೇಟ ಉಳೀತು. ಹಂಗಾಗಿ ಫೆಜ್ ಇರೋ ಕಲ್ಲು ಸಾಮಾನ್ಯವಾಗಿ ಆ ಕಾಲದ್ದು, ಇಲ್ಲ ಅದರ ಮುಂದಿನದ್ದು. ಮುಂದೆ 1925ರಲ್ಲಿ ಅತಾತುರ್ಕ್ ಸರ್ಕಾರ ಫೆಜ್ಜನ್ನೂ ಬ್ಯಾನ್ ಮಾಡಿ ಹ್ಯಾಟ್ ಹಾಕ್ಸಿತು, 1928ರಲ್ಲಿ ಅರಬ್ಬಿ ಲಿಪಿ ಹೋಗಿ ಲ್ಯಾಟಿನ್ ಲಿಪಿ ಬಂತು. ಆ ಹುಡುಗನಿಗೆ ಓದೋಕೆ ಬರದೆ ಇದ್ದಿದ್ದು ಅದಕ್ಕೇ. ಭಾಷೆ ಅವನದ್ದೇ, ಲಿಪಿ ಹೋಗಿ ನೂರು ವರ್ಷದ ಹತ್ರ ಆಯ್ತು, ಮತ್ತೆ ಅದರಲ್ಲಿರೋ ಅರಬ್ಬಿ, ಪಾರ್ಸಿ ಪದಗಳೂ ಈಗಿನ ಟರ್ಕಿಶ್‌ನಲ್ಲಿ ಬಹಳಷ್ಟು ಇಲ್ಲ.

ಜಾನಿಸರಿಗಳ ಗೋರಿಕಲ್ಲು ಮಾತ್ರ ಇಸ್ತಾಂಬುಲ್‌ನಲ್ಲಿ ಹುಡುಕಿದ್ರೂ ಸಿಗೋದು ಕಷ್ಟ. 1826ರಲ್ಲಿ ಬದುಕಿದ್ದೋರನ್ನ ಮುಗಿಸಿದ್ದು ಸಾಲ್ದು ಅಂತ ಸತ್ತೋರ ಕಲ್ಲುಗಳನ್ನೂ ಒಡೆದು ಹಾಕಿದ್ರು. ದ್ವೇಷ ಅಂದ್ರೆ ಹಿಂಗಿರುತ್ತೆ ಅಂತ ಅನ್ನಿಸುತ್ತೆ ನನಗೆ, ಇರಲಿ.

ಹೂಬಳ್ಳಿ ಇರೋದು ಹೆಂಗಸರದ್ದು. ಗುಲಾಬಿ, ಹಾರ, ಕೆಲವಕ್ಕೆ ಕತ್ತಿನ ಸರ ಕೂಡ ಕೆತ್ತಿರ್ತಾರೆ. ಚಿಕ್ಕ ವಯಸ್ಸಲ್ಲಿ ಹೋದ ಹೆಣ್ಮಕ್ಕಳಿಗೆ ತೊಟ್ಟು ಮುರಿದ ಮೊಗ್ಗು. ಗುಲಾಬಿ ಎಷ್ಟಿವೆಯೋ ಅಷ್ಟು ಮಕ್ಕಳು ಅಂತ ಗೈಡ್‌ಗಳು ಹೇಳ್ತಾರೆ, ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.

ಬರಹದ ವಿಷಯಕ್ಕೆ ಬಂದ್ರೆ, ಬಹುಪಾಲು ಕಲ್ಲುಗಳಲ್ಲಿ ಮೇಲಿನ ಸಾಲಲ್ಲಿ ದೇವರೊಬ್ಬನೇ ಶಾಶ್ವತ ಅನ್ನೋ ಅರ್ಥದ ಮಾತು, ಆಮೇಲೆ ಹೆಸರು, ಅಪ್ಪನ ಹೆಸರು, ಹುದ್ದೆ, ದುಡ್ಡಿದ್ದೋರಿಗೆ ಪದ್ಯ ಕೂಡ, ಕೆಳಗೆ ಒಂದು ಫಾತಿಹಾ (ಕುರಾನಿನ ಮೊದಲ ಅಧ್ಯಾಯ) ಓದಿ ಹೋಗಿ ಅಂತ ದಾರಿಹೋಕರಿಗೆ ಕೋರಿಕೆ, ಕೊನೆಗೆ ಇಸವಿ. ಇಸವಿ ಓದೋದು ಮಾತ್ರ ಯಾರು ಬೇಕಾದ್ರೂ ಕಲೀಬಹುದು. ಅಂಕಿಗಳು ನಮ್ಮ ಹಾಗೆ ಎಡದಿಂದ ಬಲಕ್ಕೆ. ಬರೀ ಚುಕ್ಕೆ ಅಂದ್ರೆ ಸೊನ್ನೆ, ಪುಟ್ಟ ಉಂಗುರ ಅಂದ್ರೆ 5, ಇಂಗ್ಲಿಷಿನ ವಿ ಥರ ಇದ್ರೆ 7, ಅದೇ ವಿ ತಲೆಕೆಳಗಾಗಿದ್ರೆ 8, ನಮ್ಮ ಇಂಗ್ಲಿಷ್ ಏಳರ ಥರ ಇದ್ರೆ 6. ಬರೋ ಇಸವಿ ಹಿಜರಿ, ಅಂದ್ರೆ ಮುಸ್ಲಿಂ ಪಂಚಾಂಗದ್ದು, ಅದನ್ನ 0.97ರಿಂದ ಗುಣಿಸಿ 622 ಸೇರಿಸಿದ್ರೆ ಹೆಚ್ಚು ಕಮ್ಮಿ ನಮ್ಮ ಇಸವಿ. 1246 ಅಂತಿದ್ರೆ 1830-31. ಕೆಲವು ಕಲ್ಲಲ್ಲಿ ಅಂಕಿನೇ ಇಲ್ದೆ ಕೊನೇ ಸಾಲಿನ ಅಕ್ಷರಗಳ ಬೆಲೆ ಕೂಡಿದ್ರೆ ಇಸವಿ ಬರೋ ಹಂಗೆ ಪದ್ಯ ಕಟ್ಟಿರ್ತಾರೆ, ನಮ್ಮ ಶಾಸನಗಳಲ್ಲಿ ಶಶಿ, ನೇತ್ರ, ಗಿರಿ ಅಂತ ಪದ ಇಟ್ಟು ಶಕವರ್ಷ ಹೇಳ್ತಾರಲ್ಲ ಆ ಜಾತಿಗೆ ಸೇರಿದ್ದು.

ಬೆಣ್ಣೆದೋಸೆ

ಪೇಟ ನೋಡಿ ಸಂಬಳದ ಸ್ಕೇಲ್ ಹೇಳಬಹುದು ಅಂದಂಗಾಯ್ತು 😄 ನಮ್ಮ ಆಫೀಸಲ್ಲೂ ಹಿಂಗಿದ್ರೆ ಚೆನ್ನಾಗಿತ್ತು, ಯಾರಿಗೆ ಎದ್ದು ನಿಲ್ಲಬೇಕು ಅಂತ ಬಾಗಿಲಲ್ಲೇ ತಿಳೀತಿತ್ತು.

ವಿಜಾಪುರ_ಮಂದಿ

ಮೂರನೇ ಪ್ರಶ್ನೆಗೆ ನಾ ಹೇಳ್ತೀನ್ರಿ, ನಮ್ಮ ಮನಿಯಾಗ ಸಣ್ಣಾಂವ ಇದ್ದಾಗಿಂದ ಕೇಳ್ಕೋತ ಬಂದದ್ದು ಇದು.

ನೀವು ಕೇಳಿದ್ದು ಖರೇ ಅದ, ಗೋರಿ ಕಡೆ ಮುಖ ಮಾಡಿ ನಮಾಜ್ ಮಾಡಬ್ಯಾಡ್ರಿ ಅಂತ ಹದೀಸಿನಾಗ, ಅಂದ್ರ ಪ್ರವಾದಿಯವರ ಮಾತಿನಾಗ, ಬಂದದ. ಆದ್ರ ನಡುವ ಗ್ವಾಡಿ ಇದ್ರ ಅಡ್ಡಿ ಇಲ್ಲ ಅಂತ ಹನಫಿ ಪಂಥದ ಆಲಿಮರು (ಧರ್ಮಪಂಡಿತರು) ಹೇಳ್ತಾರ, ಟರ್ಕಿಯವರು ಹನಫಿನೇ. ಸುಲೇಮಾನಿಯೆದಾಗ ಅಷ್ಟು ದಪ್ಪ ಕಲ್ಲಿನ ಗ್ವಾಡಿ ಅದ, ನಮಾಜ್ ಮಾಡಾಂವಗ ಕಾಣೋದು ಮಿಹ್ರಾಬು (ಮಕ್ಕಾ ದಿಕ್ಕು ತೋರ್ಸೋ ಗೂಡು), ಮ್ಯಾಲೆ ಬಣ್ಣದ ಗಾಜಿನ ಕಿಟಕಿ, ಗೋರಿ ಅಲ್ಲ. ಇದು ಅಲ್ಲಿ ಮಾತ್ರ ಇರೋದಲ್ರಿ, ಇಸ್ತಾಂಬುಲ್ ಗೆದ್ದ ಎರಡನೇ ಮೆಹ್ಮದನ ಸಮಾಧಿನೂ ಅವನ ಫಾತಿಹ್ ಮಸೀದಿಯ ಅದೇ ಬಾಜೂಕ ಅದ. ಮಸೀದಿ ಕಟ್ಟಿಸಿದಾಂವ ಕಿಬ್ಲಾ (ಮಕ್ಕಾ ದಿಕ್ಕಿನ) ಗ್ವಾಡಿ ಆಚೆ ಮಲಗೋದು ಅಲ್ಲಿ ಸುಲ್ತಾನರ ಪದ್ಧತಿ. ದಿನಾ ಐದು ಹೊತ್ತು ಮಂದಿ ಬರ್ತಾರ, ಹೋಗ್ತ ಬರ್ತ ದುವಾ ಮಾಡ್ತಾರ, ಅದರ ಪುಣ್ಯಾ ಸಿಗಲಿ ಅನ್ನೋ ಆಸೆ.

ನಮ್ಮ ಕಡೆ ಲೆಕ್ಕ ಉಲ್ಟಾ ಅದ ನೋಡ್ರಿ. ಇಬ್ರಾಹಿಂ ರೋಜಾಕ್ಕ ಬಂದಿದ್ರ ಗೊತ್ತಿರ್ತದ, ಒಂದೇ ಕಟ್ಟಿ ಮ್ಯಾಲ ಪೂರ್ವಕ್ಕ ಗೋರಿ, ಪಶ್ಚಿಮಕ್ಕ ಮಸೀದಿ, ನಡುವ ಕಾರಂಜಿ ಹೊಂಡ. ನಮಗ ಕಿಬ್ಲಾ ಪಶ್ಚಿಮಕ್ಕಲ್ರಿ, ಹಿಂಗಾಗಿ ನಮಾಜ್ ಮಾಡಾವ್ರ ಬೆನ್ನಿಗೆ ಗೋರಿ ಬರ್ತದ. ಗೋಳಗುಮ್ಮಟದಾಗೂ ಮಸೀದಿ ಪಶ್ಚಿಮಕ್ಕೇ ಅದ. ಇಸ್ತಾಂಬುಲಿಂದ ಮಕ್ಕಾ ಆಗ್ನೇಯ ದಿಕ್ಕಿಗೆ, ಅದಕ್ಕ ಅವರ ಮಸೀದಿ ಅಷ್ಟೇ ಅಲ್ಲ, ಗೋರಿಗಳೂ ಆ ಲೆಕ್ಕದಾಗ ಇರ್ತಾವ. ಹೆಣಾನ ಬಲಮಗ್ಗಲಕ್ಕ ಮಲಗಿಸಿ ಮುಖ ಕಿಬ್ಲಾಕ್ಕ ಮಾಡ್ತಾರ, ನಮ್ಮಲ್ಲಿ ತಲಿ ಉತ್ತರಕ್ಕ ಬರ್ತದ, ಅಲ್ಲಿ ನೈರುತ್ಯಕ್ಕ.

ಇನ್ನ ಗೋರಿ ಮ್ಯಾಲ ಗುಮ್ಮಟ ಕಟ್ಟೋದು, ಕಲ್ಲು ಕೆತ್ತಿಸೋದು ಸರಿನೋ ತಪ್ಪೋ ಅನ್ನೋ ವಾದ ನಮ್ಮೊಳಗೇ ಅದ. ಮದೀನಾದಾಗ ಪ್ರವಾದಿಯವರ ಮಸೀದಿ ಬಾಜೂಕ ಜನ್ನತುಲ್ ಬಕೀ ಅಂತ ಖಬರಸ್ತಾನ ಅದ, ಮೊದಲ ಅಲ್ಲಿ ಗುಮ್ಮಟ ಇದ್ದುವು, 1920ರ ದಶಕದಾಗ ಸೌದಿಯವರು ಎಲ್ಲಾ ಕೆಡವಿದ್ರು, ಈಗ ಬರೇ ಮಣ್ಣಿನ ದಿಬ್ಬ, ತಲಿ ಕಡೆ ಒಂದ್ ಕಲ್ಲು. ಒಂದೇ ಧರ್ಮ, ಅಲ್ಲಿ ಹಂಗ, ಇಸ್ತಾಂಬುಲಿನಾಗ ಹಿಂಗ. ನನ್ನ ಕೇಳಿದ್ರ, ಕಲ್ಲು ಇದ್ರ ಇರಲಿ ಬಿಡ್ರಿ, ಕೆಡವಿ ಯಾರಿಗೇನ್ ಸಿಗ್ತದ.

ಎರಡನೇ ಪ್ರಶ್ನೆಗೂ ಒಂದ್ ಮಾತು. ನಮಗ ಗೋರಿ ಅಂದ್ರ ಮೈಲಿಗಿ ಅಲ್ರಿ. ಖಬರಸ್ತಾನಕ್ಕ ಹೋಗಿ ಬರ್ರಿ, ಸಾವು ನೆನಪಿರ್ತದ ಅಂತ ಹೇಳ್ಕೊಟ್ಟಾರ. ಹೋದವರಿಗೆ ಸಲಾಂ ಹೇಳಿ ಫಾತಿಹಾ ಓದಿ ಬರೋದು, ಅಷ್ಟೇ. ಆದ್ರ ಗೋರಿ ಮ್ಯಾಲ ಕೂಡೋದು, ತುಳಿಯೋದು ಮಾತ್ರ ಒಟ್ಟ ನಡಿಯಂಗಿಲ್ಲ. ನೀವು ನೋಡಿದ ಹುಡುಗ್ರು ಹೊರಗಿನ ಕಟ್ಟಿ ಮ್ಯಾಲ ಕೂತಿರ್ತಾರ.

ಮೈಸೂರ್_ಅಲೆಮಾರಿ

ವಿಜಾಪುರ_ಮಂದಿ ಅವರೇ ತುಂಬಾ ಥ್ಯಾಂಕ್ಸ್, ಈಗ ಅರ್ಥ ಆಯ್ತು. ಹೌದು ಅವರು ಕೂತಿದ್ದು ಹೊರಗಿನ ಕಟ್ಟೆ ಮೇಲೆ.

ಶಾಸನದ_ಹುಳ ಸಾರ್, ನೀವು ಹೇಳಿದ ಅಂಕಿ ಇಟ್ಕೊಂಡು ಫೋಟೋ ಜೂಮ್ ಮಾಡಿ ಕೂತೆ. ಫೆಜ್ ಇರೋ ಒಂದು ಕಲ್ಲಿನ ಕೆಳಗೆ ಒಂದು ಗೀಟು, ಎರಡು, ತಲೆಕೆಳಗಾದ ವಿ, ಒಂಬತ್ತು. 1289. ಗುಣಿಸಿ ಕೂಡಿದ್ರೆ 1872 ಬಂತು. ಮಜಾ ಇದೆ ಇದು. ಇನ್ನೊಂದು, ಮಲಗಿಸಿರೋ ಕಲ್ಲಿನ ಮೇಲೆ ಬಟ್ಟಲಿನ ಥರ ಸಣ್ಣ ಗುಂಡಿ ತೋಡಿದಾರೆ, ಅದು ದೀಪಕ್ಕಾ?

ಶಾಸನದ_ಹುಳ

ದೀಪಕ್ಕಲ್ಲ, ಹಕ್ಕಿಗಳಿಗೆ. ಮಳೆ ನೀರು ನಿಲ್ಲಲಿ, ಹಕ್ಕಿ ಬಂದು ಕುಡೀಲಿ ಅಂತ, ಆ ಪುಣ್ಯ ಒಳಗೆ ಮಲಗಿರೋನಿಗೆ. ಕಲ್ಲಿನ ಚೌಕಟ್ಟಿನ ನಡುವೆ ಮಣ್ಣು ತೆರೆದೇ ಬಿಟ್ಟಿರೋದನ್ನೂ ಗಮನಿಸಿರ್ತೀರಿ, ಅಲ್ಲಿ ಗಿಡ, ಹೂವು ಬೆಳೆಯುತ್ತೆ.

1289 ಸರಿಯಾಗಿದೆ. ಅದರ ಆಸುಪಾಸಿನ ದೊಡ್ಡ ಮನುಷ್ಯ ಒಬ್ರು ಅಲ್ಲೇ ಇದಾರೆ, ಆಲಿ ಪಾಷಾ ಅಂತ, ತನ್ಜಿಮಾತ್ ಸುಧಾರಣೆ ಕಾಲದ ಪ್ರಧಾನ ವಜೀರ, ತೀರಿಕೊಂಡಿದ್ದು 1871.

ಸೀರಿಯಲ್_ಹುಚ್ಚಿ

ಅಯ್ಯೋ ಇಷ್ಟೆಲ್ಲಾ ಹೇಳಿ ಸುಲೇಮಾನನ ಹೆಂಡತಿ ಹುರ್ರೆಮ್ ಬಗ್ಗೆ ಯಾರೂ ಹೇಳಲೇ ಇಲ್ವಲ್ಲ!! ಲಾಕ್‌ಡೌನ್ ಟೈಮಲ್ಲಿ ಆ ಟರ್ಕಿ ಸೀರಿಯಲ್ ಪೂರ್ತಿ ನೋಡಿದೀನಿ ನಾನು, ಅತ್ತೆ ಬೈದ್ರೂ ಬಿಟ್ಟಿಲ್ಲ. ಸುಲೇಮಾನ್ ಹುರ್ರೆಮ್ ಒಂದೇ ಗೋರೀಲಿ ಇದಾರಾ? ಸುಲೇಮಾನನ ಮಗ ಮುಸ್ತಫಾ ಎಲ್ಲಿದಾನೆ? ಅವನನ್ನ ಕೊಂದ ಎಪಿಸೋಡ್ ದಿನ ನಾನು ಊಟ ಮಾಡಿಲ್ಲ ಗೊತ್ತಾ.

ಶಾಸನದ_ಹುಳ

ಮೇಡಂ, ಒಂದೇ ಆವರಣ, ಆದ್ರೆ ಬೇರೆ ಬೇರೆ ಕಟ್ಟಡ. ಹುರ್ರೆಮ್ ಮೊದಲು ಹೋಗಿದ್ದು, 1558 ಏಪ್ರಿಲ್‌ನಲ್ಲಿ, ಮಸೀದಿ ಮುಗಿದ ಮಾರನೇ ವರ್ಷವೇ. ಅವಳ ಸಮಾಧಿ ಚಿಕ್ಕದು, ಒಳಗೆ ಗೋಡೆಗೆ ಇಜ್ನಿಕ್ ಊರಿನ ಹೆಂಚುಗಳಿವೆ, ನೀಲಿ ಮತ್ತು ಕೆಂಪು, ಹೂ ಬಿಟ್ಟ ಮರಗಳ ಚಿತ್ರ, ನನ್ನ ಕಣ್ಣಿಗೆ ಸುಲ್ತಾನನ ಸಮಾಧಿಗಿಂತ ಇದೇ ಚೆಂದ. ಸುಲೇಮಾನನದ್ದು ದೊಡ್ಡದು, ಎಂಟು ಮೂಲೆ, ಸುತ್ತ ಕಂಬಗಳ ಸಾಲು. ಒಳಗೆ ಬಟ್ಟೆ ಹೊದಿಸಿ ಮೇಲೆ ದೊಡ್ಡ ಬಿಳಿ ಪೇಟ ಇಟ್ಟಿರೋ ಪೆಟ್ಟಿಗೆ ಕಾಣುತ್ತಲ್ಲ, ದೇಹ ಅದರೊಳಗಿಲ್ಲ, ಕೆಳಗೆ ಮಣ್ಣಲ್ಲಿರೋದು. ಗೋಳಗುಮ್ಮಟದಲ್ಲೂ ಮೇಲೆ ಕಾಣೋದು ತೋರಿಕೆಯ ಗೋರಿ, ನಿಜವಾದ್ದು ನೆಲಮಾಳಿಗೆಯಲ್ಲಿ, ಹಂಗೇ ಇದು. ಅಪ್ಪನ ಪಕ್ಕ ಮಗಳು ಮಿಹ್ರಿಮಾ ಇದಾಳೆ, 1578. ತನ್ನ ಹೆಸರಲ್ಲೇ ಸಿನಾನ್ ಕೈಲಿ ಎರಡು ಮಸೀದಿ ಕಟ್ಟಿಸಿಕೊಂಡೋಳು, ಮಲಗಿದ್ದು ಮಾತ್ರ ಅಪ್ಪನ ಹತ್ರ. ಅವಳ ಗಂಡ ರುಸ್ತೆಮ್ ಪಾಷಾ ಅಲ್ಲಿಲ್ಲ, ಶೆಹ್‌ಜಾದೆ ಮಸೀದಿ ಅಂಗಳದಲ್ಲಿದಾನೆ. ಸುಮಾರು ನೂರಿಪ್ಪತ್ತು ವರ್ಷ ಆದ ಮೇಲೆ ಎರಡನೇ ಸುಲೇಮಾನ್, ಎರಡನೇ ಅಹ್ಮದ್ ಅಂತ ಇನ್ನಿಬ್ಬರು ಸುಲ್ತಾನರನ್ನೂ ಅದೇ ಗುಮ್ಮಟದ ಕೆಳಗೆ ಇಟ್ರು.

ಮಕ್ಕಳ ವಿಷಯ ಕೇಳಿದ್ರಿ. ನಾಲ್ಕು ದಿಕ್ಕಿಗೆ ಚದುರಿ ಹೋಗಿದಾರೆ. 1543ರಲ್ಲಿ ಕಾಯಿಲೆಯಿಂದ ಹೋದ ಮೆಹ್ಮದನಿಗೆ ಶೆಹ್‌ಜಾದೆ ಮಸೀದಿ. 1553ರಲ್ಲಿ ಅಪ್ಪನೇ ಕೊಲ್ಲಿಸಿದ ಮುಸ್ತಫಾ ಬುರ್ಸಾದಲ್ಲಿ, ಅವನ ತಾಯಿ ಮಾಹಿದೆವ್ರಾನ್ ಕೂಡ ಅಲ್ಲೇ. ಅಣ್ಣ ಸೆಲಿಮ್ ಜೊತೆ ಕಾದಾಡಿ ಸೋತು ಇರಾನ್‌ಗೆ ಓಡಿಹೋದ ಬಾಯಜೀದನನ್ನ 1561ರಲ್ಲಿ ಅಲ್ಲೇ ಕೊಂದ್ರು, ಹೂತಿದ್ದು ಸಿವಾಸ್‌ನಲ್ಲಿ. ಪಟ್ಟಕ್ಕೆ ಬಂದ ಸೆಲಿಮ್ ಹಾಗಿಯಾ ಸೋಫಿಯಾ ಅಂಗಳದಲ್ಲಿ. ಮನೆಯೊಳಗಿನ ರಾಜಕೀಯವನ್ನ ಗೋರಿಗಳ ಮ್ಯಾಪ್ ನೋಡೇ ಹೇಳಬಹುದು, ಅಪ್ಪ ಅಮ್ಮನ ಹತ್ರ ಒಬ್ಬ ಗಂಡುಮಗನೂ ಇಲ್ಲ.

ಸುಲೇಮಾನ್ ಸತ್ತಿದ್ದೂ ಇಸ್ತಾಂಬುಲ್‌ನಲ್ಲಲ್ಲ. 1566 ಸೆಪ್ಟೆಂಬರ್‌ನಲ್ಲಿ ಹಂಗೇರಿಯ ಸಿಗೆತ್ವಾರ್ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಡೇರೆಯೊಳಗೆ, ಎಪ್ಪತ್ತು ದಾಟಿತ್ತು ವಯಸ್ಸು. ಪ್ರಧಾನ ವಜೀರ ಸೊಕೊಲ್ಲು ಮೆಹ್ಮದ್ ಪಾಷಾ 48 ದಿನ ಸುದ್ದಿನೇ ಹೊರಗೆ ಬಿಡಲಿಲ್ಲ, ಸುಲ್ತಾನನ ಹೆಸರಲ್ಲೇ ಆಜ್ಞೆ ಹೋಗ್ತಾ ಇದ್ವು, ಕೋಟೆನೂ ಬಿತ್ತು. ಸೈನ್ಯ ದಂಗೆ ಎದ್ದೀತು ಅನ್ನೋ ಭಯ. ಸೆಲಿಮ್ ಬಂದು ಸೇರೋವರೆಗೆ ಗುಟ್ಟು ಕಾಪಾಡಿ ಆಮೇಲೆ ದೇಹವನ್ನ ಇಲ್ಲಿಗೆ ತಂದ್ರು. ಹೃದಯ, ಕರುಳು ಹಂಗೇರಿಯಲ್ಲೇ ಹೂತ್ರು ಅಂತ ಆ ಕಡೆ ಜನ ಹೇಳ್ತಾರೆ, ಇತಿಹಾಸಕಾರರು ಎಲ್ಲರೂ ಒಪ್ಪಲ್ಲ, ಆದ್ರೆ ಅಲ್ಲಿ ಅವನ ಹೆಸರಲ್ಲಿ ಕಟ್ಟಿದ್ದ ಸ್ಮಾರಕದ ಅಡಿಪಾಯ 2010ರ ದಶಕದ ಅಗೆತದಲ್ಲಿ ಸಿಕ್ಕಿದೆ.

ಸೀರಿಯಲ್_ಹುಚ್ಚಿ

ಸೊಕೊಲ್ಲು 48 ದಿನ ಮುಚ್ಚಿಟ್ನಾ!! ನಮ್ಮ ಅಪಾರ್ಟ್‌ಮೆಂಟಲ್ಲಿ 48 ನಿಮಿಷ ಒಂದು ವಿಷಯ ನಿಲ್ಲಲ್ಲ.

ಸುಣ್ಣಗಾರೆ

ಕಟ್ಟಡದ ಕೆಲಸ ಮಾಡೋನು ನಾನು, ಅದಕ್ಕೇ ಒಂದು ಸೇರಿಸ್ತೀನಿ. ಮೇಲಿಂದ ನೋಡಿದ್ರೆ ಸುಲೇಮಾನಿಯೆ ಮೂರು ಭಾಗ ಒಂದೇ ಗೆರೇಲಿ ಇದೆ. ಮುಂದೆ ಕಂಬದ ಅಂಗಳ, ನಡುವೆ ಗುಮ್ಮಟದ ಮಸೀದಿ, ಹಿಂದೆ ಖಬರಸ್ತಾನ. ಖಬರಸ್ತಾನ ಅಲ್ಲಿ ಜಾಗ ಉಳೀತು ಅಂತ ಆಮೇಲೆ ಬಂದಿದ್ದಲ್ಲ, ಪ್ಲಾನಲ್ಲೇ ಇತ್ತು. ಸುಲ್ತಾನನ ಸಮಾಧಿ ಸರಿಯಾಗಿ ಮಿಹ್ರಾಬಿನ ನೇರಕ್ಕೆ ಬರುತ್ತೆ. ಸುತ್ತ ಮದ್ರಸಾಗಳು, ಆಸ್ಪತ್ರೆ, ಬಡವರ ಅಡುಗೆಮನೆ, ಸ್ನಾನದಮನೆ, ಪ್ರಯಾಣಿಕರ ಛತ್ರ. ಹುಟ್ಟಿದೋನಿಗೆ ಓದು, ಹಸಿದೋನಿಗೆ ಊಟ, ಕಾಯಿಲೆಯೋನಿಗೆ ಔಷಧಿ, ಎಲ್ಲ ಒಂದೇ ಟ್ರಸ್ಟ್ ಕೆಳಗೆ, ಅದರ ಮಧ್ಯ ಸತ್ತೋರನ್ನ ಮಾತ್ರ ಊರಾಚೆ ಕಳಿಸೋದು ಅವರಿಗೆ ಹೊಳೆದಿರಲಿಕ್ಕಿಲ್ಲ. ಆದ್ರೆ ಇಲ್ಲಿ ಜಾಗ ಸಿಗ್ತಿದ್ದಿದ್ದು ದೊಡ್ಡೋರಿಗೆ ಮಾತ್ರ ಅನ್ನೋದೂ ನೆನಪಿರಲಿ, ಸಾಮಾನ್ಯ ಜನರಿಗೆ ಗೋಡೆಯಾಚೆಯ ದೊಡ್ಡ ಖಬರಸ್ತಾನಗಳೇ, ಏಷ್ಯಾ ಕಡೆ ಕರಾಜಾಅಹ್ಮೆತ್ ಅಂಥವು.

ಮತ್ತೆ ಯಾರೂ ಹೇಳದ ಒಂದು ಗೋರಿ ಇದೆ. ಸಿನಾನ್‌ದು. ಅರ್ಧ ಶತಮಾನ ಸಾಮ್ರಾಜ್ಯದ ಮುಖ್ಯ ವಾಸ್ತುಶಿಲ್ಪಿ ಆಗಿದ್ದೋನು, ಆವರಣದ ಒಳಗೆ ಜಾಗ ತಗೊಂಡಿಲ್ಲ. ಉತ್ತರದ ಮೂಲೆ ಆಚೆ ಎರಡು ಬೀದಿ ಸೇರೋ ಕಡೆ ತ್ರಿಕೋನದ ತುಂಡು ಜಾಗ, ತನ್ನ ಮನೆ ಇದ್ದ ಕಡೆಯೇ, ಅಲ್ಲಿ ತಾನೇ ಕಟ್ಟಿಕೊಂಡ ಪುಟ್ಟ ಸಮಾಧಿ, ತುದೀಲಿ ಬೀದಿ ಜನಕ್ಕೆ ನೀರು ಕೊಡೋ ಅರವಟ್ಟಿಗೆ. ತೀರಿಕೊಂಡಿದ್ದು 1588. ಅವನ ಕವಿ ಗೆಳೆಯ ಸಾಯಿ ಮುಸ್ತಫಾ ಚೆಲೆಬಿ ಬರೆದ ಪದ್ಯ ಗೋಡೆ ಮೇಲಿದೆ, ಅದರಲ್ಲಿ ಬ್ಯೂಯುಕ್‌ಚೆಕ್‌ಮೆಜೆ ಸೇತುವೆ ಕಟ್ಟಿದ್ದನ್ನ ಹೊಗಳಿದಾನೆ. ಇಷ್ಟು ದೊಡ್ಡ ಮಸೀದಿಯ ಜೊತೆಗೆ ಸೇತುವೆಯನ್ನೂ ನೆನೆಸ್ಕೊಂಡಿದಾನೆ. ನಮ್ಮಂಥೋರಿಗೆ ಅರ್ಥ ಆಗುತ್ತೆ ಅದು, ನೀರಲ್ಲಿ ಅಡಿಪಾಯ ಹಾಕಿದೋನಿಗೇ ಗೊತ್ತು ಕಷ್ಟ.

ಅವನ ಗೋರಿಗೆ ಆದ ಗತಿ ಮಾತ್ರ ಬೇಜಾರು. 1935ರಲ್ಲಿ ತಲೆಬುರುಡೆ ಅಳತೆ ಮಾಡಿ ಜನಾಂಗ ಯಾವುದು ಅಂತ ಸಾಬೀತು ಮಾಡ್ತೀವಿ ಅಂತ ಗೋರಿ ತೆಗೆಸಿದ್ರು. ಆ ಕಾಲದಲ್ಲಿ ಯುರೋಪಲ್ಲೆಲ್ಲ ಅದೇ ಹುಚ್ಚು. ಬುರುಡೆ ಹೊರಗೆ ತೆಗೆದಿದ್ದೇ ತೆಗೆದಿದ್ದು, ಆಮೇಲೆ ಎಲ್ಲಿ ಹೋಯ್ತು ಅಂತ ಪತ್ತೆ ಇಲ್ಲ.

ವಿಜಾಪುರ_ಮಂದಿ

ಯಾ ಅಲ್ಲಾ. ಗೋರಿ ಅಗಿಯೋದು ಅಂದ್ರ ನಮ್ಮಲ್ಲಿ ಎಂಥಾ ಪಾಪ ಗೊತ್ತೇನ್ರಿ. ಅದೂ ಅಳತಿ ಮಾಡಾಕ!

ಮೈಸೂರ್_ಅಲೆಮಾರಿ

ಸಿನಾನ್ ಗೋರಿ ಪಕ್ಕದಲ್ಲೇ ಹಾದು ಬಂದಿರ್ತೀನಿ ನಾನು. ಮುಂದಿನ ವರ್ಷ ಅಮ್ಮ, ಹೆಂಡತಿ ಕರ್ಕೊಂಡು ಹೋಗೋ ಪ್ಲಾನ್ ಇದೆ. ಬೇರೆ ಧರ್ಮದೋರು, ಹೆಂಗಸರು ಖಬರಸ್ತಾನದ ಒಳಗೆ, ಸಮಾಧಿ ಒಳಗೆ ಹೋಗಬಹುದಾ? ಅಮ್ಮಂಗೆ ಮಂಡಿ ನೋವು, ಹತ್ತೋದು ಜಾಸ್ತಿ ಇದ್ಯಾ?

ಬಾಸ್ಫರಸ್_ಕನ್ನಡಿಗ

ಇಲ್ಲೇ ಕೆಲಸದಲ್ಲಿದೀನಿ, ಶನಿವಾರ ಭಾನುವಾರ ಆ ಕಡೆ ಸುತ್ತಾಡ್ತಾ ಇರ್ತೀನಿ, ಅದಕ್ಕೇ ಹೇಳ್ತೀನಿ.

ಯಾರು ಬೇಕಾದ್ರೂ ಹೋಗಬಹುದು ಸಾರ್, ದುಡ್ಡಿಲ್ಲ. ಮಸೀದಿಗೆ, ಸಮಾಧಿಗೆ ಚಪ್ಪಲಿ ಬಿಟ್ಟು ಹೋಗ್ಬೇಕು, ಹೆಂಗಸರು ತಲೆಗೆ ಬಟ್ಟೆ, ಬ್ಯಾಗಲ್ಲಿ ಒಂದು ದುಪಟ್ಟಾ ಇಟ್ಕೊಂಡ್ರೆ ಸಾಕು. ನಮಾಜ್ ಹೊತ್ತಲ್ಲಿ ಪ್ರವಾಸಿಗರನ್ನ ಒಳಗೆ ಬಿಡಲ್ಲ, ಶುಕ್ರವಾರ ಮಧ್ಯಾಹ್ನ ಅಂತೂ ಹೋಗ್ಲೇಬೇಡಿ. ಸಮಾಧಿಗಳನ್ನ ಸಂಜೆಗೆ ಬೀಗ ಹಾಕ್ತಾರೆ, ಬೆಳಿಗ್ಗೆ ಹೋಗಿ. ಅಂದಹಾಗೆ ಇವೆಲ್ಲ ಯಾವಾಗ್ಲೂ ತೆರೆದಿರಲಿಲ್ಲ, 1925ರಲ್ಲಿ ಸೂಫಿ ಮಠಗಳ ಜೊತೆ ಸಮಾಧಿಗಳನ್ನೂ ಕಾನೂನು ಮಾಡಿ ಮುಚ್ಚಿಸಿದ್ರು, 1950ರಲ್ಲಿ ಕಾನೂನು ಬದಲಾಯಿಸಿದ ಮೇಲೆ ಒಂದೊಂದಾಗಿ ತೆರೆದಿದ್ದು. ಒಳಗೆ ಮುದುಕಿಯರು ಕೈ ಮೇಲಕ್ಕೆ ಹಿಡಿದು ದುವಾ ಮಾಡ್ತಿರ್ತಾರೆ, ಅವರ ಮುಖಕ್ಕೆ ಮೊಬೈಲ್ ಹಿಡೀಬೇಡಿ, ಇನ್ನು ಕಲ್ಲುಗಳ ಫೋಟೋ ಎಷ್ಟು ಬೇಕಾದ್ರೂ ತಗೊಳ್ಳಿ. ಕಲ್ಲುಹಾಸಿನ ದಾರಿ ಬಿಟ್ಟು ಗೋರಿಗಳ ಮಧ್ಯ ನುಗ್ಗಬೇಡಿ, ಕಲ್ಲುಗಳು ವಾಲಿವೆ, ಕೈ ಊರಿದ್ರೆ ಅಪಾಯ.

ಈಗ ಅಲ್ಲಿ ಹೊಸದಾಗಿ ಹೂಳಲ್ಲ. ತೀರಾ ದೊಡ್ಡೋರಿಗೆ ಮಂತ್ರಿಮಂಡಲದ ಒಪ್ಪಿಗೆ ತಗೊಂಡು ಮಾಡಿದ್ದುಂಟು, 1980ರಲ್ಲಿ ನಕ್ಷಬಂದಿ ಅನ್ನೋ ಸೂಫಿ ಪಂಥದ ಗುರು ಮೆಹ್ಮೆತ್ ಜಾಹಿತ್ ಕೋಟ್ಕು ಅವರನ್ನ, 1988ರಲ್ಲಿ ಆಗಿನ ಪ್ರಧಾನಿ ತುರ್ಗುತ್ ಒಜಾಲ್ ಅವರ ತಾಯಿಯನ್ನ ಅಲ್ಲೇ ಹೂತ್ರು. ಆವಾಗ ಪೇಪರಲ್ಲೆಲ್ಲ ಗಲಾಟೆ ಆಗಿತ್ತಂತೆ, ಆಗದೆ ಇರುತ್ತಾ.

ಆದ್ರೆ ಇಲ್ಲಿನ ಮಸೀದಿ ಅಂಗಳಗಳಲ್ಲಿ ಶವಸಂಸ್ಕಾರದ ನಮಾಜ್ ಈಗ್ಲೂ ನಡೆಯುತ್ತೆ. ಒಂದು ಕಲ್ಲಿನ ಕಟ್ಟೆ ಇರುತ್ತೆ, ಮುಸಲ್ಲಾ ಕಲ್ಲು ಅಂತಾರೆ, ಪೆಟ್ಟಿಗೆಯನ್ನ ಹಸಿರು ಬಟ್ಟೆ ಹೊದಿಸಿ ಅದರ ಮೇಲೆ ಇಡ್ತಾರೆ, ಗಂಡಸಾದ್ರೆ ಕೆಲವು ಸಲ ಟೋಪಿ, ಹೆಂಗಸಾದ್ರೆ ಒಂದು ಸ್ಕಾರ್ಫ್ ಪೆಟ್ಟಿಗೆ ಮೇಲೆ. ನಮಾಜ್ ಆದ ಮೇಲೆ ಇಮಾಮ್ ನೆರೆದೋರನ್ನ ಕೇಳ್ತಾನೆ, ಇವರು ಎಂಥೋರಾಗಿದ್ರು ಅಂತ. ಒಳ್ಳೆಯೋರಾಗಿದ್ರು ಅಂತ ಎಲ್ಲರೂ ಒಟ್ಟಿಗೆ ಹೇಳ್ತಾರೆ. ಅವರ ಮೇಲೆ ನಿಮ್ಮದೇನಾದ್ರೂ ಬಾಕಿ ಹಕ್ಕು ಇದ್ರೆ ಬಿಟ್ಟುಕೊಡ್ತೀರಾ ಅಂತ ಮತ್ತೆ ಕೇಳ್ತಾನೆ. ಬಿಟ್ಟೆವು ಅಂತಾರೆ. ನಮ್ಮ ಆಫೀಸಿನ ಹಿರಿಯರೊಬ್ಬರದ್ದಕ್ಕೆ ಹೋಗಿದ್ದೆ, ಅವರಿಗೆ ಸಾಲ ಕೊಟ್ಟಿದ್ದೋನು ಒಬ್ಬ ನನ್ನ ಪಕ್ಕದಲ್ಲೇ ನಿಂತಿದ್ದ, ಅವನೂ ಹೇಳ್ದ, ಸ್ವಲ್ಪ ತಡೆದು.

ಅಮ್ಮನ ಮಂಡಿ ವಿಷಯ. ಮಸೀದಿ ಇರೋದು ಗುಡ್ಡದ ಮೇಲೆ, ಕೆಳಗಡೆ ಮಸಾಲೆ ಮಾರ್ಕೆಟ್ ಕಡೆಯಿಂದ ಬಂದ್ರೆ ಏರು ಜಾಸ್ತಿ, ಕರ್ಕೊಂಡು ಬರಬೇಡಿ. ಮೆಟ್ರೋ ಎಂ2 ಲೈನಲ್ಲಿ ವೆಜ್ನೆಜಿಲೆರ್ ಸ್ಟೇಷನ್‌ನಲ್ಲಿ ಇಳಿದು ಯೂನಿವರ್ಸಿಟಿ ಗೋಡೆ ಪಕ್ಕ ನಡೆದು ಬನ್ನಿ, ಆ ಕಡೆ ಅಷ್ಟು ಕಷ್ಟ ಇಲ್ಲ. ಮಸೀದಿ ಎದುರಿನ ಬೀದೀಲಿ ಸಾಲಾಗಿ ಬಿಳಿ ಹುರುಳಿಕಾಯಿ ಬೀಜದ ಪಲ್ಯ, ಅನ್ನ ಮಾರೋ ಹೋಟೆಲ್‌ಗಳಿವೆ, ಹಿಂದೆ ಅಫೀಮು ತಿನ್ನೋರು ಸೇರ್ತಿದ್ದ ಬೀದಿ ಅದು. ಸಸ್ಯಾಹಾರಿಗಳಾದ್ರೆ ಮೊದಲೇ ಕೇಳಿ, ಕೆಲವರು ಅದಕ್ಕೆ ಮಾಂಸ ಹಾಕ್ತಾರೆ. ಜಾಸ್ತಿ ಕಲ್ಲು ನೋಡೋ ಆಸೆ ಇದ್ರೆ ಐಯುಪ್ ಮಸೀದಿಗೆ ಹೋಗಿ, ಇಡೀ ಗುಡ್ಡ ತುಂಬಾ ಗೋರಿಗಳೇ, ಕೇಬಲ್ ಕಾರಲ್ಲಿ ಮೇಲೆ ಹೋಗಿ ನಡ್ಕೊಂಡು ಇಳೀಬಹುದು, ಅಮ್ಮ ಇದ್ರೆ ಇಳಿಯೋದೂ ಕೇಬಲ್ ಕಾರಲ್ಲೇ. ಸಿನಾನ್ ಗೋರಿ ಸಾಮಾನ್ಯವಾಗಿ ಬೀಗ ಹಾಕಿರುತ್ತೆ, ಬೀದಿ ಕಡೆಯ ಕಿಟಕಿ ಸರಳಿನಿಂದ ನೋಡ್ಬೇಕು, ಎದುರಿಗೆ ಗಾಡಿ ಪಾರ್ಕ್ ಮಾಡಿದ್ರೆ ಅದೂ ಕಾಣಲ್ಲ.